ಕರಡಿ ಇರಲಿಲ್ಲ

ನಮ್ಮ ಹಟ್ಟಿಗಳಲ್ಲಿ ಯಾರಾದರೂ ಸತ್ತರೆ, ಹೆಣ ಎತ್ತುವ ಮೊದಲು ಹಿರಿಯನೊಬ್ಬ ಪಕ್ಕದಲ್ಲಿ ನಿಂತು ಸತ್ತವರ ತಪ್ಪುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳಬೇಕು. ಅವರು ಮಾಡಿದ್ದರೂ ಸರಿ, ಮಾಡದಿದ್ದರೂ ಸರಿ, ಮನುಷ್ಯ ಅನ್ನಿಸಿಕೊಂಡವನು ಮಾಡಬಹುದಾದ ತಪ್ಪುಗಳೆಲ್ಲ ಅದರಲ್ಲಿ ಬರುತ್ತವೆ. ಸುತ್ತ ನಿಂತವರು ಪ್ರತಿಯೊಂದಕ್ಕೂ ದನಿ ಸೇರಿಸುತ್ತಾರೆ. ಅಲ್ಲಿಗೆ ಎಲ್ಲ ತೀರಿತು ಎಂದು ಲೆಕ್ಕ. ಎಷ್ಟೋ ಜನರಿಗೆ ನಾನೇ ನಿಂತು ಹೀಗೆ ಹೇಳಿದ್ದೇನೆ. ಸುಳ್ಳಾಡಿದ್ದು ಆ ತಪ್ಪುಗಳಲ್ಲಿ ಒಂದು. ಒಂದು ಉಸಿರಿನಲ್ಲಿ ಅದು ಬಂದು ಹೋಗುತ್ತದೆ, ಯಾರೂ ಅಲ್ಲಿ ನಿಲ್ಲುವುದಿಲ್ಲ. ನನ್ನ ಸರದಿ ಬಂದಾಗಲೂ ಯಾರೋ ಒಬ್ಬರು ಹಾಗೆಯೇ ಹೇಳಿ ಮುಂದಕ್ಕೆ ಹೋಗುತ್ತಾರೆ. ಅದು ನನಗೆ ಸಾಲದು ಅನ್ನಿಸಿದೆ. ಹಾಗಾಗಿ ನನ್ನದನ್ನು ನಾನೇ ಬರೆಯುತ್ತಿದ್ದೇನೆ.

ಹೈಸ್ಕೂಲನ್ನು ನಾನು ಗುಂಡ್ಲುಪೇಟೆಯಲ್ಲಿ ನೆಂಟರ ಮನೆಯಲ್ಲಿದ್ದು ಓದಿದೆ. ಈ ಬರವಣಿಗೆ ಅಲ್ಲಿ ಕಲಿತದ್ದು. ಆಮೇಲೆ ಬೆಟ್ಟ ಹತ್ತಿದವನು ಮತ್ತೆ ಇಳಿಯಲಿಲ್ಲ. ನಮ್ಮ ಹಟ್ಟಿ ಊಟಿಯ ಆಚೆ, ಮಂಜೂರಿನಿಂದ ಕುಂದಾ ಕಡೆಗೆ ಹೋಗುವ ರಸ್ತೆಯ ಮೇಲ್ಗಡೆ, ಚಹಾ ತೋಟಗಳ ನಡುವೆ ಇದೆ. ಮಗನಿಗೆ ಪವರ್ ಹೌಸಿನಲ್ಲಿ ಶಿಫ್ಟ್ ಕೆಲಸ. ಸೊಸೆ ನಮ್ಮ ಸಣ್ಣ ತೋಟದಲ್ಲಿ ಎಲೆ ಕೀಳುತ್ತಾಳೆ. ಅವರ ಒಬ್ಬಳೇ ಮಗಳು ಮಂಜೂರಿನಲ್ಲಿ ಹನ್ನೊಂದನೇ ಕ್ಲಾಸು ಓದುತ್ತಾಳೆ.

ನನ್ನ ಹೆಂಡತಿ ಹೋದ ಮೇಲೆ ಮನೆಯಲ್ಲಿ ನನ್ನೊಡನೆ ಕೂತು ಮಾತಾಡುತ್ತಿದ್ದವಳು ಈ ಮೊಮ್ಮಗಳೊಬ್ಬಳೇ. ಬೈಗಿನಲ್ಲಿ ಬಂದವಳು ಶೂ ಬಿಚ್ಚುವ ಮೊದಲೇ ಶುರು ಮಾಡುತ್ತಿದ್ದಳು. ಬೆಳಗಿನ ಪ್ರಾರ್ಥನೆಯಲ್ಲಿ ಯಾರು ತಲೆ ಸುತ್ತಿ ಬಿದ್ದರು, ಕೆಮಿಸ್ಟ್ರಿ ಟೀಚರು ಸೀರೆಗೆ ಏನು ಚೆಲ್ಲಿಕೊಂಡರು, ಕಂಡಕ್ಟರು ಯಾರಿಗೆ ಬೈದ. "ಹೆತ್ತಪ್ಪ, ಇದನ್ನ ಕೇಳು" ಎನ್ನುವಳು. ಅಜ್ಜನಿಗೆ ನಮ್ಮಲ್ಲಿ ಹೆತ್ತಪ್ಪ ಎನ್ನುತ್ತೇವೆ. ಅವಳ ಮಾತು ಕೇಳುತ್ತ ಕೂರುವುದೇ ನನ್ನ ದಿನದ ಕೆಲಸವಾಗಿತ್ತು. ಬೇರೆ ಕೆಲಸಗಳೆಲ್ಲ ಒಂದೊಂದಾಗಿ ನನ್ನ ಕೈಬಿಟ್ಟಿದ್ದವು.

ಬಸ್ಸು ಕೆಳಗಿನ ರಸ್ತೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಮೇಲಕ್ಕೆ ಚಹಾ ಗಿಡಗಳ ನಡುವಿನ ಕಾಲುದಾರಿಯಲ್ಲಿ ಬರಬೇಕು. ಆ ದಾರಿಯಲ್ಲಿ ಕಾಟಿ, ಅಂದರೆ ಕಾಡುಕೋಣ, ನಿಂತಿರುತ್ತದೆ, ಒಮ್ಮೊಮ್ಮೆ ಕರಡಿಯೂ ಇರುತ್ತದೆ. ಹಾಗಾಗಿ ನಮ್ಮ ಹಟ್ಟಿಯ ಮಕ್ಕಳು ಒಟ್ಟಿಗೆ ಬರುತ್ತಾರೆ. ಸುಮ್ಮನೆ ಬರುವುದಿಲ್ಲ, ಕೂಗಾಡುತ್ತ, ಹಾಡುತ್ತ, ಟಿಫನ್ ಡಬ್ಬಿ ಬಡಿಯುತ್ತ ಬರುತ್ತಾರೆ. ಸದ್ದು ಕೇಳಿದರೆ ಮೃಗ ದಾರಿ ಬಿಡುತ್ತದೆ. ಒಂದು ಹಟ್ಟಿಯಲ್ಲಿ ಹುಟ್ಟಿದವರೆಲ್ಲ ನಮ್ಮಲ್ಲಿ ಅಣ್ಣ ತಂಗಿ, ಅಕ್ಕ ತಮ್ಮ. ಒಬ್ಬರಿಗೊಬ್ಬರು ಹೆಣ್ಣು ಕೊಟ್ಟು ತರುವಂತಿಲ್ಲ. ಆ ಗುಂಪಿನಿಂದ ಹೊರಬಿದ್ದರೆ ಅದು ಗೆಳತಿಯರ ಮುನಿಸಲ್ಲ, ಒಡಹುಟ್ಟಿದವರೇ ಕೈಬಿಟ್ಟ ಹಾಗೆ.

ಹೋದ ವರ್ಷ ಮಳೆ ಮುಗಿದ ಮೇಲೆ ಒಂದು ಬೈಗಿನಲ್ಲಿ ಮಕ್ಕಳು ಬಹಳ ತಡವಾಗಿ ಬಂದರು. ಹೆಂಗಸರು ಟಾರ್ಚು ಹಿಡಿದು ಇಳಿಯಲು ಹೊರಟಿದ್ದರು. ಹಳ್ಳದ ತಿರುವಿನಲ್ಲಿ ಕರಡಿ ಕೂತಿತ್ತು ಎಂದು ಮಕ್ಕಳು ಹೇಳಿದರು. ಒಬ್ಬಳು ಮರಿಗಳೂ ಇದ್ದವು ಎಂದಳು. ಒಬ್ಬ ಅದರ ಎದೆಯ ಬಿಳಿ ಗುರುತು ಹೀಗಿತ್ತು ಎಂದು ತನ್ನ ಎದೆಯ ಮೇಲೆ ಗೀರಿ ತೋರಿಸಿದ. ಇನ್ನೊಬ್ಬ ಅದು ಮನುಷ್ಯರ ಹಾಗೆ ಬೆನ್ನು ಕೆರೆದುಕೊಂಡದ್ದನ್ನು ಮಾಡಿಯೇ ತೋರಿಸಿದ. ನನ್ನ ಮೊಮ್ಮಗಳು ಏನೂ ಹೇಳಲಿಲ್ಲ. ಹೆದರಿದ್ದಾಳೆ ಎಂದುಕೊಂಡು ಸೊಸೆ ಅವಳಿಗೆ ಬಿಸಿನೀರು ಕಾಯಿಸಿಕೊಟ್ಟಳು.

ಮಾರನೆಯ ದಿನದಿಂದ ಹಳ್ಳದ ಆಚೆಗಿನ ಇಳಿಜಾರಿಗೆ ಎಲೆ ಕೀಳಲು ಯಾರೂ ಹೋಗಲಿಲ್ಲ. ಚಹಾ ಎಲೆಯನ್ನು ಸರಿಯಾದ ದಿನಕ್ಕೆ, ಸುತ್ತಿನ ಪ್ರಕಾರ ಕೀಳದಿದ್ದರೆ ಚಿಗುರು ಬಲಿತು ಗಟ್ಟಿಯಾಗುತ್ತದೆ. ಅಂಥ ಎಲೆಯನ್ನು ಫ್ಯಾಕ್ಟರಿಯವರು ಪಕ್ಕಕ್ಕೆ ತಳ್ಳುತ್ತಾರೆ. ಫಾರೆಸ್ಟಿನವರು ಬಂದು ಪಟಾಕಿ ಹೊಡೆದು, ಹೆಜ್ಜೆ ಹುಡುಕಿ, ಏನೂ ಕಾಣದೆ ಕಾಫಿ ಕುಡಿದು ಹೋದರು. ಬೋನು ಇಡಿಸಬೇಕೆಂದು ಹಟ್ಟಿಯಲ್ಲಿ ಮಾತು ಶುರುವಾಯಿತು.

ಅಂಥ ಒಂದು ದಿನ ಮೊಮ್ಮಗಳು ನನ್ನ ಪಕ್ಕ ಬಂದು ಕೂತಳು. ಅವಳ ಅವ್ವೆ ಎಲೆಯ ಮೂಟೆ ಹೊತ್ತು, ಕರಡಿಗೆ ಹೆದರಿ ಸುತ್ತು ದಾರಿಯಲ್ಲಿ ಬಂದು, ಮೊಣಕಾಲು ಹಿಡಿದುಕೊಂಡು ಅಂಗಳದಲ್ಲಿ ಕುಸಿದಿದ್ದಳು.

"ಹೆತ್ತಪ್ಪ, ಒಂದು ಹೇಳ್ತೆ. ಯಾರ್ಗೂ ಹೇಳಬೇಡ."

"ಹೇಳು ಕೂಸೇ."

"ಮೊದಲು ಹೇಳಲ್ಲ ಅನ್ನು."

"ಹೇಳಲ್ಲ."

"ಕರಡಿ ಇಲ್ಲೆ."

ನಾನು ನಕ್ಕೆ. ಅವಳು ನಗಲಿಲ್ಲ. ಗುಂಪಿನಲ್ಲಿ ಒಬ್ಬನ ಹುಟ್ಟಿದ ದಿನವಂತೆ. ಮಂಜೂರಿನ ಬೇಕರಿಯಲ್ಲಿ ಕೇಕು ಕತ್ತರಿಸಿ, ಅಣೆಕಟ್ಟಿನ ನೀರು ಕಾಣುವ ಕಡೆಗೆ ನಡೆದು ಹೋಗಿ ಫೋಟೋ ತೆಗೆದುಕೊಂಡು, ಬಸ್ಸು ತಪ್ಪಿಸಿಕೊಂಡಿದ್ದರು. ಕರಡಿಯನ್ನು ದಾರಿಯಲ್ಲಿ ಹತ್ತುತ್ತ ಹತ್ತುತ್ತ ಹೊಂದಿಸಿದ್ದು. "ಅವ್ವೆ ಆ ದಾರಿಲಿ ಬಪ್ಪದು ಕಾಣಕ್ಕೆ ಆಗ್ತಿಲ್ಲೆ. ನೀ ಹೇಗಾದರೂ ಮಾಡು. ಆದ್ರೆ ನಾ ಹೇಳಿದೆ ಅಂತ ಬೇಡ."

ಸೊಸೆಗೆ ನಾನು, "ನೀನು ಹಳೆಯ ದಾರಿಯಲ್ಲೇ ಹೋಗು, ಏನೂ ಆಗಲ್ಲ" ಎಂದಷ್ಟೇ ಹೇಳಿದೆ. ಅವಳು ನನ್ನ ಮಾತು ನಂಬಿ ಹೋದಳು, ಎಲೆ ಕಿತ್ತು ತಂದಳು. ಮಾತು ಅಲ್ಲಿಗೆ ನಿಂತಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಹಿರಿಯರೆಲ್ಲ ಹಟ್ಟಿಯ ನಡುವಿನ ಕಲ್ಲಿನ ಜಗಲಿಯಲ್ಲಿ ಕೂತು ಬೋನಿನ ಮಾತಾಡುತ್ತಿದ್ದೆವು. ಎದುರು ಮನೆಯವನು ನನ್ನದೇ ವಯಸ್ಸಿನವನು. ಹುಡುಗರಾಗಿದ್ದಾಗಿನಿಂದ ನನ್ನನ್ನು ಕೆಣಕದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ.

"ಏನಣ್ಣ, ನಿನ್ನ ಸೊಸೆ ಒಬ್ಬಳೇ ಆ ಇಳಿಜಾರಿಗೆ ಹೋಗ್ತಾಳಂತೆ? ಕರಡಿಗೂ ನಿನ್ನ ಮನೆ ಅಂದ್ರೆ ಮರ್ಯಾದೆಯಾ?"

ಎಲ್ಲರೂ ನಕ್ಕರು. ಒಬ್ಬ, "ಇವನ ಹೈಸ್ಕೂಲು ಸರ್ಟಿಫಿಕೇಟು ತೋರಿಸಿದ್ರೆ ಕರಡಿ ಎದ್ದು ಹೋಗ್ತದೆ" ಎಂದ. ಇನ್ನೂ ನಕ್ಕರು.

ನನಗೆ ಏನಾಯಿತೋ. ನಾನೂ ನಗುತ್ತಲೇ ಹೇಳಿದೆ: "ಇದ್ದರಲ್ಲವಾ ಕರಡಿ ಎದ್ದು ಹೋಪದು? ನಿನ್ನ ಮೊಮ್ಮಗಳನ್ನೇ ಕೇಳು. ಅವತ್ತು ಅದು ಮಂಜೂರಿನ ಬೇಕರಿಲಿ ಕೇಕು ತಿಂತಿತ್ತು."

"ಯಾರು ಹೇಳಿದ್ದು?"

"ನನ್ನ ಮೊಮ್ಮಗಳೇ. ನಮ್ಮ ಮನೇಲಿ ಸುಳ್ಳು ಹೇಳಿ ರೂಢಿ ಇಲ್ಲೆ."

ಸೊಸೆಯ ಮೊಣಕಾಲು ಆಗ ನನ್ನ ನೆನಪಿನಲ್ಲಿ ಇರಲಿಲ್ಲ, ಬಲಿತು ಹೋಗುತ್ತಿದ್ದ ಎಲೆಯೂ ಇರಲಿಲ್ಲ. ಅವರ ನಗುವನ್ನು ತಿರುಗಿಸಿ ಅವರ ಮೇಲೆಯೇ ಹಾಕಬೇಕಿತ್ತು. ಕೊಟ್ಟ ಮಾತನ್ನು ಮುರಿದೆ, ಅದನ್ನೇ ಸತ್ಯ ಎಂದು ಕರೆದೆ. ಎದುರು ಮನೆಯವನ ಮುಖ ಕಪ್ಪಿಟ್ಟದ್ದನ್ನು ನೋಡಿ ಒಳಗೆ ಹಿಗ್ಗಿದೆ. ಗುಂಪಿನ ಮುಂದಾಳು ಅವನ ಮೊಮ್ಮಗಳೇ, ಹನ್ನೆರಡನೇ ಕ್ಲಾಸಿನ ಚುರುಕು ಬಾಯಿಯವಳು.

ಆ ಬೈಗಿಗೇ ಮಕ್ಕಳನ್ನೆಲ್ಲ ಕರೆಸಿದರು. ನಮ್ಮಲ್ಲಿ ಚಿಕ್ಕವರು ಹಿರಿಯರ ಮುಂದೆ ತಲೆ ಬಗ್ಗಿಸುತ್ತಾರೆ, ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಹಬ್ಬಕ್ಕೆ, ಮದುವೆಗೆ, ಪರೀಕ್ಷೆಗೆ ಹೋಗುವಾಗ ಮಾಡುವುದು ಅದು. ಅವತ್ತು ಅದನ್ನೇ ಶಿಕ್ಷೆ ಮಾಡಿದೆವು. ಒಬ್ಬೊಬ್ಬರೂ ಎಲ್ಲ ಹಿರಿಯರ ಮುಂದೆಯೂ ಬಂದು ತಲೆ ಬಗ್ಗಿಸಬೇಕು, ಹೇಳಿದ್ದು ಸುಳ್ಳು ಎನ್ನಬೇಕು. ನನ್ನ ಮೊಮ್ಮಗಳೂ ಸಾಲಿನಲ್ಲಿದ್ದಳು. ನನ್ನ ಮುಂದೆ ಬಂದಾಗ ತಲೆ ಬಗ್ಗಿಸಿ, "ಹೇಳಿದ್ದು ಸುಳ್ಳು" ಎಂದಳು. ನಾನು ಕೈಯಿಟ್ಟೆ. ಅವಳ ಕೂದಲು ಮಂಜಿಗೆ ತಣ್ಣಗಾಗಿತ್ತು. ಅವಳಿಗೆ ಕೊಟ್ಟ ಮಾತನ್ನು ಸುಳ್ಳು ಮಾಡಿದವನು ನಾನು, ಕೈಯಿಟ್ಟು ಹರಸಿದವನೂ ನಾನೇ.

ಆಮೇಲೆ ಅವಳು ನನ್ನೊಡನೆ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ನಮ್ಮ ಮನೆಯ ಜಗಲಿಯಿಂದ ಕೆಳಗಿನ ದಾರಿ ಕಾಣುತ್ತದೆ. ಬೈಗಿನಲ್ಲಿ ಗುಂಪು ಕೂಗಾಡುತ್ತ ಹತ್ತುತ್ತಿತ್ತು. ಅವರ ಹಿಂದೆ ಬಹಳ ದೂರ ಬಿಟ್ಟು ಒಬ್ಬಳೇ ಒಬ್ಬಳು ಬರುತ್ತಿದ್ದಳು. ಅವರು ನಿಂತರೆ ಅವಳೂ ನಿಲ್ಲುತ್ತಿದ್ದಳು. ಅವರ ಸದ್ದು ತಿರುವಿನ ಆಚೆ ಹೋದ ಮೇಲೆ ಅವಳ ಸುತ್ತ ಏನೂ ಸದ್ದಿರುತ್ತಿರಲಿಲ್ಲ. ಆಗ ಅವಳು ನೀರಿನ ಬಾಟಲಿಯಿಂದ ಚೀಲದ ಬಕಲು ಬಡಿಯುತ್ತ ಬೇಗ ಬೇಗ ಹತ್ತುತ್ತಿದ್ದಳು. ಒಂದು ದಿನ ಮೇಲಿನ ತೋಟದಲ್ಲಿ ಕಾಟಿಗಳು ನಿಂತಿದ್ದವು. ಅವು ಸರಿಯುವವರೆಗೆ ಅವಳು ಕೆಳಗೆ ಒಬ್ಬಳೇ ನಿಂತಿದ್ದಳು, ಮೇಲಿನಿಂದ ನಾನು ನೋಡುತ್ತಿದ್ದೆ.

ಮನೆಗೆ ಬಂದಾಗ ಕೇಳಿದೆ, "ಎಲ್ಲರ ಜೊತೆಲಿ ಬಂದಿಯಾ?"

"ಹೂಂ. ಜೊತೆಲೇ."

ಅವಳು ಹುಟ್ಟಿದ ಮೇಲೆ ನನಗೆ ಹೇಳಿದ ಮೊದಲ ಸುಳ್ಳು ಅದು, ನನಗೆ ತಿಳಿದಂತೆ. ಮಾರನೆಯ ದಿನವೂ ಕೇಳಿದೆ. ಅದನ್ನೇ ಹೇಳಿದಳು. ಅವಳ ಅವ್ವೆ ಕೇಳಿದರೆ ಇನ್ನೂ ಚೆನ್ನಾಗಿ, ಯಾರು ಏನು ಹೇಳಿ ನಗಿಸಿದರು ಎಂಬುದನ್ನೂ ಸೇರಿಸಿ ಹೇಳುತ್ತಿದ್ದಳು. ಅಷ್ಟು ನಗು ಅವಳಿಗೆ ಎಲ್ಲಿಂದ ಸಿಗುತ್ತಿತ್ತೋ ನನಗೆ ಗೊತ್ತಿಲ್ಲ.

ನಾನು ತಡೆಯಲಾರದೆ ಒಂದು ದಿನ ಕೋಲು ಹಿಡಿದು ಬಸ್ ಸ್ಟಾಪಿಗೆ ಇಳಿದೆ. ಬಸ್ಸು ಬಂತು. ಮಕ್ಕಳು ಇಳಿದು ನನ್ನನ್ನು ನೋಡಿ ನಿಂತರು. ನಾನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದದ್ದನ್ನು ಹೇಳಿದೆ.

"ನೋಡಿ ಮಕ್ಕಳೇ, ಅವಳು ನನಗೆ ಒಂದೂ ಹೇಳಲಿಲ್ಲ. ಬೇಕರಿಯವನೇ ಹೇಳಿದ್ದು. ಅವಳ ಹೆಸರು ನಾನೇ ಸುಮ್ಮನೆ ಸೇರಿಸಿದೆ. ಅವಳನ್ನ ಬಿಟ್ಟು ನಡೀಬೇಡಿ."

ಎದುರು ಮನೆಯ ಹುಡುಗಿ ನನ್ನ ಮೊಮ್ಮಗಳ ಕಡೆಗೆ ತಿರುಗಿದಳು.

"ಏನಡಿ, ನೀನೇ ಹೇಳಿದ್ದು ಅಂತ ನೆನ್ನೆ ಬಸ್ಸಲ್ಲಿ ಅತ್ತೆಯಲ್ಲ? ಕ್ಷಮಿಸಿ ಅಂದೆಯಲ್ಲ? ಇವತ್ತು ಹೆತ್ತಪ್ಪನ್ನ ಕರೆಸಿ ಬೇರೆ ಹೇಳಿಸ್ತಿಯಾ?"

"ನಾ ಕರೆಸಲಿಲ್ಲೆ ಅಕ್ಕ."

"ಮತ್ತೆ ಅವರಾಗೇ ಬಂದರಾ? ಎರಡರಲ್ಲಿ ಯಾವುದು ಸುಳ್ಳು?"

ಹಿಂದಿನಿಂದ ಒಬ್ಬ ಹುಡುಗ, "ಅಕ್ಕ, ಅವರ ಮನೇಲಿ ಸುಳ್ಳು ಹೇಳಿ ರೂಢಿ ಇಲ್ಲೆ" ಎಂದ. ಎಲ್ಲರೂ ನಕ್ಕರು, ನಗುತ್ತ ಹತ್ತತೊಡಗಿದರು. ಅವತ್ತು ಅವಳನ್ನು ಹಿಂದೆ ಬರುವುದಕ್ಕೂ ಬಿಡದೆ, ಓಡಿಯೇ ಹೋದರು.

ಆಗ ನನಗೆ ತಿಳಿಯಿತು. ಅವಳು ತನ್ನ ದಾರಿಯನ್ನು ತಾನೇ ಸರಿ ಮಾಡಿಕೊಂಡಿದ್ದಳು. ನಿಜ ಹೇಳಿ, ಅತ್ತು, ಬಾಗಿಲು ಅರ್ಧ ತೆಗೆಸಿಕೊಂಡಿದ್ದಳು. ನಾನು ಬಂದು ಮುಚ್ಚಿದೆ.

ಅವಳು ಮುಂದೆ ಹತ್ತಿದಳು. ನನ್ನ ಕಾಲು ಅವಳಷ್ಟು ಬೇಗ ಬರುವುದಿಲ್ಲ. ಪ್ರತಿ ತಿರುವಿನಲ್ಲೂ ಅವಳು ನಿಂತಿರುತ್ತಿದ್ದಳು, ನನಗೆ ಬೆನ್ನು ಹಾಕಿ. ನಾನು ಹತ್ತಿರ ಬರುತ್ತಿದ್ದ ಹಾಗೆ ಮತ್ತೆ ಹತ್ತುತ್ತಿದ್ದಳು. ಆ ದಾರಿಯಲ್ಲಿ ಮುದುಕನನ್ನು ಒಬ್ಬನನ್ನೇ ಬಿಟ್ಟು ಹೋಗಬಾರದು ಎಂಬುದನ್ನು ಅಷ್ಟು ಸಿಟ್ಟಿನಲ್ಲೂ ಅವಳು ಮರೆತಿರಲಿಲ್ಲ. ಹಟ್ಟಿಯ ಹತ್ತಿರ ಬಂದ ಮೇಲೆ ಒಂದೇ ಮಾತು ಹೇಳಿದಳು.

"ಹೆತ್ತಪ್ಪ, ನನಗೋಸ್ಕರ ಇನ್ನು ಒಂದೂ ಮಾಡಬೇಡ."

ಆಮೇಲಿನ ದಿನಗಳು ಹೇಗೆ ಕಳೆದವು ಎಂದು ಬರೆಯಲು ನನಗೆ ಬೇಸರ. ನಾನು ಹಟ್ಟಿಯ ಜಗಲಿಗೆ ಹೋಗುವುದನ್ನು ಬಿಟ್ಟೆ. ಊಟ ಮಾಡುತ್ತಿದ್ದೆ, ಮಲಗುತ್ತಿದ್ದೆ. ಅವಳು ಒಬ್ಬಳೇ ಹತ್ತಿ ಬರುತ್ತಿದ್ದಳು, ಬಂದು ಸೀದಾ ಕೋಣೆಗೆ ಹೋಗುತ್ತಿದ್ದಳು. ಈ ಸ್ಕೂಲು ಬಿಡುತ್ತೇನೆ, ಕೂಕಲ್ತೊರೈಯ ಮಾಮನ ಮನೆಯಲ್ಲಿದ್ದು ಕೋಟಗಿರಿಯಲ್ಲಿ ಓದುತ್ತೇನೆ ಎಂದು ಅವಳ ಅವ್ವೆಯ ಹತ್ತಿರ ಹೇಳಿದಳಂತೆ. ಸೊಸೆ ಕಾರಣ ತಿಳಿಯದೆ ನನ್ನನ್ನು ಕೇಳಿದಳು. ನಾನು ಗೊತ್ತಿಲ್ಲ ಎಂದೆ. ಅದೂ ಸುಳ್ಳು.

ಮನೆಯಿಂದಲೇ ಹೋಗಿಬಿಡುತ್ತಾಳೆ ಎಂದಾದ ಮೇಲೆ ನನಗೆ ಬೇರೆ ದಾರಿ ಇರಲಿಲ್ಲ. ಭಾನುವಾರ ಮಕ್ಕಳೂ ತೋಟಕ್ಕೆ ಇಳಿಯುತ್ತಾರೆ. ಎದುರು ಮನೆಯ ಹುಡುಗಿ ಅವರ ತೋಟದ ಅಂಚಿನಲ್ಲಿ ಎಲೆ ಕೀಳುತ್ತಿದ್ದಳು. ಅವಳ ಅವ್ವೆ ಸ್ವಲ್ಪ ಕೆಳಗಿನ ಸಾಲಿನಲ್ಲಿದ್ದಳು. ನಾನು ಗಿಡದ ಈಚೆ ನಿಂತು ಹೇಳಿದೆ.

"ಕೂಸೇ, ಅವತ್ತು ಸ್ಟಾಪಿನಲ್ಲಿ ನಾ ಹೇಳಿದ್ದು ಸುಳ್ಳು. ಬೇಕರಿಯವ ನನಗೆ ಹೇಳಲಿಲ್ಲ. ಅವಳೇ ಹೇಳಿದ್ದು. ಯಾರ್ಗೂ ಹೇಳಲ್ಲ ಅಂತ ನಾ ಮಾತು ಕೊಟ್ಟಿದ್ದೆ. ಅವಳು ನನ್ನನ್ನ ಸ್ಟಾಪಿಗೆ ಕರೆಸಲಿಲ್ಲ."

ಅವಳು ಕೈ ನಿಲ್ಲಿಸದೆ ಕೀಳುತ್ತಲೇ ಇದ್ದಳು. "ಬೇಕರಿಯವನಿಗೆ ನಾವು ಚೆನ್ನಾಗಿ ಬೈದು ಬಂದ್ವು ಹೆತ್ತಪ್ಪ. ಪಾಪ, ಅವನು ಸಾಮಿ ಫೋಟೋ ಮುಟ್ಟಿ ನಾನಲ್ಲ ಅಂದ."

"ತಪ್ಪು ನನ್ನದು."

"ಒಂದು ಹೇಳಲಾ? ನಿಮಗೆಲ್ಲ ನಾವು ಹೇಳೋದು ನಮ್ಮ ಲೆಕ್ಕಕ್ಕೆ ಸುಳ್ಳೇ ಅಲ್ಲ. ಕೇಕು ತಿಂದ್ವು ಅಂದ್ರೆ ಬಿಡ್ತಿದ್ದಿರಾ? ಯಾರು ಯಾರಿದ್ದರು, ಎಲ್ಲಿ ನಿಂತಿದ್ರಿ, ಫೋನು ಕೊಡು. ಕರಡಿ ಅಂದ್ರೆ ಎಲ್ಲ ಅವ್ವೆಯರೂ ಬಿಸಿ ಕಾಫಿ ಕೊಡ್ತಾರೆ. ಆದ್ರೆ ನಮ್ಮ ನಮ್ಮೊಳಗೆ ಸುಳ್ಳು ಹೇಳಬಾರದು. ಅವಳು ನಿನಗೆ ಹೇಳಿದ್ದಕ್ಕೆ ಅಷ್ಟು ಸಿಟ್ಟು ಇರಲಿಲ್ಲ. ಹೇಳಿದೆ ಅಂತ ನಮಗೆ ಹೇಳಲಿಲ್ಲವಲ್ಲ, ಅದಕ್ಕೆ. ಆಮೇಲೆ ಹೇಳಿದಳು, ಸರಿ ಹೋಗ್ತಿತ್ತು. ನೀ ಬಂದೆ."

"ನಿಮ್ಮ ಕರಡಿಯಿಂದ ಹೆಂಗಸರು ಎಷ್ಟು ನಡೆದರು, ಗೊತ್ತಾ?" ಎಂದೆ. ಆಗಲೂ ನನಗೆ ಹಿರಿತನ ಬಿಡಲು ಆಗಲಿಲ್ಲ.

"ಗೊತ್ತು. ಅದು ತಪ್ಪು. ಅದಕ್ಕೆ ತಲೆ ಬಗ್ಗಿಸಿದ್ವಲ್ಲ, ಒಬ್ಬರನ್ನೂ ಬಿಡದೆ." ಅವಳು ಈಗ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಮುಖದಲ್ಲಿ ಸಣ್ಣ ನಗು ಇತ್ತು. "ನೀ ಯಾರ ಮುಂದೆ ಬಗ್ಗಿಸುವೆ?"

ಅದಕ್ಕೆ ನಮ್ಮಲ್ಲಿ ಪದ್ಧತಿ ಇಲ್ಲ. ಚಿಕ್ಕವರು ಬಗ್ಗುವುದಕ್ಕೆ ಇದೆ, ದೊಡ್ಡವರು ಹರಸುವುದಕ್ಕೆ ಇದೆ. ದೊಡ್ಡವನು ತಪ್ಪು ಮಾಡಿದರೆ ಅವನು ಸಾಯುವವರೆಗೆ ಕಾಯಬೇಕು, ಆಮೇಲೆ ಬೇರೆ ಯಾರೋ ಹೇಳುತ್ತಾರೆ. ನಾನು ಕೋಲನ್ನು ಗಿಡಕ್ಕೆ ಒರಗಿಸಿ, ಅವಳ ಮುಂದೆ ತಲೆ ಬಗ್ಗಿಸಿದೆ.

"ಅಯ್ಯೋ ಹೆತ್ತಪ್ಪ! ಏಳು, ಏಳು! ಅವ್ವೆ ಕಂಡರೆ ನನ್ನ ಕೊಂದೇ ಬಿಡ್ತಾಳೆ!" ಅವಳು ಗಾಬರಿಯಿಂದ ಹಿಂದೆ ಹಾರಿದಳು. ಕೆಳಗಿನಿಂದ ಅವ್ವೆ, "ಏನಡಿ ಅದು?" ಎಂದು ಕೂಗಿದಳು. "ಏನಿಲ್ಲ, ಹೆತ್ತಪ್ಪನ ಕನ್ನಡಕ ಬಿತ್ತು!" ಎಂದು ಇವಳು ತಕ್ಷಣ ಕೂಗಿದಳು. ಅಷ್ಟು ಸಲೀಸು. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಅವಳು ಮತ್ತೆ ಎಲೆಗೆ ಕೈಹಾಕಿ ಮೆಲ್ಲಗೆ ಹೇಳಿದಳು. "ಅವಳು ನಮ್ಮ ತಂಗಿ. ನಾವು ನೋಡ್ಕೊಳ್ತೇವೆ. ನೀ ಸ್ಟಾಪಿಗೆ ಬರಬೇಡ. ಜೊತೆಲಿ ಬಂದಿಯಾ ಅಂತ ಅವಳನ್ನ ದಿನಾ ಕೇಳಬೇಡ. ಏನಾಯ್ತು, ಏನು ಹೇಳಿದ್ರು ಅಂತ ಕೇಳಲೇಬೇಡ. ಆಯ್ತಾ?"

"ಆಯ್ತು" ಎಂದೆ. ಈ ಸಲ ಕೊಟ್ಟ ಮಾತನ್ನು ಇಟ್ಟುಕೊಂಡಿದ್ದೇನೆ.

ಕೂಕಲ್ತೊರೈಯ ಮಾತು ಅಲ್ಲಿಗೆ ನಿಂತಿತು. ಸೊಸೆ ಮತ್ತೆ ಅದನ್ನು ಎತ್ತಲಿಲ್ಲ. ಬೈಗಿನಲ್ಲಿ ಗುಂಪಿನ ಕೂಗಾಟ ಕೇಳುತ್ತದೆ, ಅದರೊಳಗೆ ಮೊಮ್ಮಗಳ ದನಿಯೂ ಇರುತ್ತದೆ. ಅವಳು ಈಗ ತಡವಾಗಿ ಬಂದರೂ ಒಳ್ಳೆಯ ಕಾರಣ ಹೇಳುತ್ತಾಳೆ, ತಡವರಿಸುವುದಿಲ್ಲ. ನನ್ನ ಹತ್ತಿರ ಕೂತು ಮೊದಲಿನ ಹಾಗೆ ಏನನ್ನೂ ಹೇಳುವುದಿಲ್ಲ. ಊಟಕ್ಕೆ ಕರೆಯುತ್ತಾಳೆ, ಮಾತ್ರೆ ತಗೊಂಡೆಯಾ ಎಂದು ಕೇಳುತ್ತಾಳೆ, ಅಷ್ಟೇ. ಆ ದಿನದ ಕತೆಗಳನ್ನೆಲ್ಲ ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಗುಂಪಿನವರಿಗೆ ಹೇಳುತ್ತಾಳೆ, ಬಿದ್ದು ಬಿದ್ದು ನಗುತ್ತಾಳೆ. ನಮ್ಮ ಮನೆಯ ಗೋಡೆ ತೆಳುವು. ನಾನು ಹಾಲ್‌ನಲ್ಲಿ ಕೂತಿದ್ದೇನೆ ಎಂದು ನೆನಪಾದ ಕೂಡಲೇ ದನಿ ತಗ್ಗಿಸುತ್ತಾಳೆ.

ಅದಕ್ಕಾಗಿ ನಾನು ಟಿವಿಯ ಸದ್ದು ಹೆಚ್ಚು ಮಾಡುತ್ತೇನೆ. ಆಗ ಅವಳು ಮತ್ತೆ ಜೋರಾಗಿ ಮಾತಾಡುತ್ತಾಳೆ. ವಾರ್ತೆಯವನು ಏನು ಹೇಳುತ್ತಾನೋ ನನಗೆ ಬೇಕಾಗಿಲ್ಲ.

ಮೊನ್ನೆ ಸೊಸೆ ಅಡುಗೆಮನೆಯಿಂದ ಬಂದು ಕೇಳಿದಳು. "ಮಾಮ, ಇಷ್ಟು ಜೋರು ಏಕೆ? ಕಿವಿ ಕೇಳಲ್ಲವಾ?"

"ಇಲ್ಲ ಕಣಮ್ಮ, ಈಚೆಗೆ ಕೇಳಲ್ಲ" ಎಂದೆ.

ಅವಳು ಮಗನಿಗೆ ಹೇಳಿದ್ದಾಳೆ. ಬರುವ ವಾರ ಅವನ ರಜೆಯ ದಿನ ನನ್ನನ್ನು ಊಟಿಗೆ, ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನಂತೆ. ಹೋಗುತ್ತೇನೆ. ಡಾಕ್ಟರು, ಕಿವಿ ಕೇಳುತ್ತಾ ಎಂದರೆ ಏನು ಹೇಳುವುದೆಂದು ಇನ್ನೂ ಯೋಚಿಸಿಲ್ಲ.